ಕಾಡುದಾರಿಯಲ್ಲಿ 21 ಕಿ.ಮೀ.: ದೇಣಿಗೆ ಓಟಕ್ಕೆ ಹೀಗೆ ಸಿದ್ಧರಾಗಿ

ಹಾಫ್ ಮ್ಯಾರಥಾನ್ ಅಂದರೆ 21.1 ಕಿ.ಮೀ. 400 ಮೀಟರ್ ಟ್ರ್ಯಾಕ್‌ನಲ್ಲಾದರೆ ಹೆಚ್ಚುಕಡಿಮೆ 53 ಸುತ್ತು. ಅಷ್ಟು ಸುತ್ತು ಓಡಬಲ್ಲವರೂ ಕಾಡಿಗೆ ಇಳಿದಾಗ ತಡವರಿಸುತ್ತಾರೆ. ನನ್ನ ಮೊದಲ ಕಾಡು ಓಟದಲ್ಲಿ ಒಂಬತ್ತನೇ ಕಿಲೋಮೀಟರಿನ ಹತ್ತಿರ ತೇಗದ ಒಣ ಎಲೆ ಮೇಲೆ ಕಾಲಿಟ್ಟೆ. ಕೆಳಗೆ ಕಲ್ಲಿತ್ತು. ಪಾದ ಹೊರಳಿತು. ಉಳಿದ ದಾರಿ ನಡೆದೇ ಮುಗಿಸಬೇಕಾಯಿತು. ಕಾಡಿನ ಓಟಕ್ಕೆ ದಮ್ಮು ಎಷ್ಟು ಬೇಕೋ, ನೆಲ ನೋಡಿ ಹೆಜ್ಜೆ ಇಡುವ ರೂಢಿಯೂ ಅಷ್ಟೇ ಬೇಕು ಅನ್ನೋದು ಆವತ್ತು ಗೊತ್ತಾಯಿತು.

ಹೆಸರು ಕೊಡುವ ಮುಂಚೆ

ದೇಣಿಗೆ ಓಟ ಅಂದರೆ ಓಡುವವರು ಒಂದು ಸೇವಾ ಸಂಸ್ಥೆಗೆ ಹಣ ಕೂಡಿಸಿಕೊಡುವ ಓಟ. ಅದರ ಶುಲ್ಕದಲ್ಲಿ ಎಷ್ಟು ಹಣ ಸೇವೆಯ ಕೆಲಸಕ್ಕೆ ಹೋಗುತ್ತದೆ, ಎಷ್ಟು ಟಿ-ಶರ್ಟು, ಪದಕಕ್ಕೆ ಹೋಗುತ್ತದೆ ಅಂತ ನೇರವಾಗಿ ಕೇಳಿ. ಅರಣ್ಯ ಇಲಾಖೆಯ ಅನುಮತಿ ಇದೆಯಾ ಅನ್ನೋದನ್ನೂ ಕೇಳಿ. ನಮ್ಮ ಕಲಬುರಗಿ ಜಿಲ್ಲೆಯ ಚಿಂಚೋಳಿ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಸುಮಾರು 135 ಚದರ ಕಿ.ಮೀ. ಇದೆ. ತೋಳ, ಕತ್ತೆಕಿರುಬ ಇರುವ ಜಾಗ ಅದು. ಅಂಥಲ್ಲಿ ಅನುಮತಿ ಇಲ್ಲದೆ ಓಟ ನಡೆಸುವಂತಿಲ್ಲ. ಆಂಬುಲೆನ್ಸ್ ಎಲ್ಲಿ ನಿಂತಿರುತ್ತದೆ, ನೀರು ಎಷ್ಟು ಕಿಲೋಮೀಟರಿಗೊಮ್ಮೆ ಸಿಗುತ್ತದೆ ಅಂತಲೂ ತಿಳಿದುಕೊಳ್ಳಿ.

ಮೂರು ತಿಂಗಳ ತಯಾರಿ

ನಿಲ್ಲದೆ 5 ಕಿ.ಮೀ. ಓಡಬಲ್ಲವರಿಗೆ 12 ವಾರ ಸಾಕು. ವಾರಕ್ಕೆ ಮೂರು ದಿನ ಓಡಿ. ಭಾನುವಾರದ್ದು ಉದ್ದ ಓಟ: 6 ಕಿ.ಮೀ.ಯಿಂದ ಶುರು ಮಾಡಿ, ವಾರಕ್ಕೆ ಒಂದೂವರೆ ಕಿ.ಮೀ.ಯಷ್ಟು ಏರಿಸಿ. ಪ್ರತಿ ನಾಲ್ಕನೇ ವಾರ ಇಳಿಸಿ. 17 ಕಿ.ಮೀ. ಮುಟ್ಟಿದರೆ ಸಾಕು, ಕೊನೆಯ ಎರಡು ವಾರ ಕಾಲಿಗೆ ಬಿಡುವು ಕೊಡಿ.

ವಾರದಲ್ಲಿ ಒಂದು ದಿನವಾದರೂ ಡಾಂಬರು ಬಿಡಿ. ಹೊಲದ ಬಂಡಿದಾರಿ, ಗರಸಿನ ರಸ್ತೆ, ಏರು ಇರುವ ಗುಡ್ಡ ಹುಡುಕಿ. ಮಳೆ ಬಿದ್ದ ಮರುದಿನ ಎರೆ ಹೊಲದ ಕಡೆ ಹೋಗಬೇಡಿ. ಶೂಗೆ ಮಣ್ಣು ಮೆತ್ತಿಕೊಂಡು ಕಾಲು ಎತ್ತುವುದೇ ಕಷ್ಟವಾಗುತ್ತದೆ.

ಹೆಜ್ಜೆ ಚಿಕ್ಕದಿರಲಿ. ಕಣ್ಣು ಪಾದದ ಮೇಲಲ್ಲ, ನಾಲ್ಕೈದು ಮಾರು ಮುಂದಿರಲಿ. ಕಡಿದಾದ ಏರು ಬಂದರೆ ನಡೆಯಿರಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ಇಳಿಜಾರಿನಲ್ಲಿ ಮೊಣಕಾಲು ತುಸು ಬಾಗಿರಲಿ, ಮೈ ಹಿಂದಕ್ಕೆ ವಾಲಬಾರದು. ದಿನಾ ಹಲ್ಲುಜ್ಜುವಾಗ ಒಂದೊಂದೇ ಕಾಲ ಮೇಲೆ ಒಂದೊಂದು ನಿಮಿಷ ನಿಲ್ಲಿ. ಕಾಲುಗಂಟು ಗಟ್ಟಿಯಾಗಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ.

ಶೂ ಅಡಿಗೆ ಹಲ್ಲು ಹಲ್ಲಾಗಿ ಹಿಡಿತ ಇರಲಿ. ಹೊಸ ಶೂ ಹಾಕಿಕೊಂಡು ಓಟಕ್ಕೆ ಹೋಗಲೇಬೇಡಿ.

ಓಟದ ದಿನ

ಹಿಂದಿನ ರಾತ್ರಿ ಖಾರದ ಪಲ್ಯ, ಹಿಂಡಿ ಬೇಡ. ಅನ್ನ, ತೊಗರಿಬೇಳೆಯ ತಿಳಿಸಾರು ಹೊಟ್ಟೆಗೆ ಹಗುರ. ಬೆಳಿಗ್ಗೆ ಓಟಕ್ಕೆ ಎರಡು ಗಂಟೆ ಮೊದಲು ಅವಲಕ್ಕಿ ಅಥವಾ ಬಾಳೆಹಣ್ಣು ತಿನ್ನಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಅರ್ಧ ಲೀಟರ್ ಜೊತೆಗಿಟ್ಟುಕೊಳ್ಳಿ. ಎರಡು ಶೇಂಗಾ ಚಿಕ್ಕಿಯೂ ಇರಲಿ. ಅದರ ಕಾಗದ ವಾಪಸ್ ಜೇಬಿಗೇ ಬರಬೇಕು. ಕಾಡಲ್ಲಿ ಒಂದು ಚೂರು ಪ್ಲಾಸ್ಟಿಕ್ ಕೂಡ ಬೀಳಬಾರದು.

ಇಯರ್‌ಫೋನ್ ಮನೆಯಲ್ಲೇ ಬಿಡಿ. ಹಿಂದಿನಿಂದ ಬರುವವರ ಕೂಗು, ಪೊದೆಯೊಳಗಿನ ಸದ್ದು ಕೇಳಿಸಬೇಕು, ಅಲ್ವಾ? ಗಡಿಯಾರವನ್ನೂ ಪದೇಪದೇ ನೋಡಬೇಡಿ. ರಸ್ತೆಯಲ್ಲಿ ಎರಡೂವರೆ ಗಂಟೆ ಹಿಡಿಯುವವರು ಕಾಡಿಗೆ ಮೂರು ಗಂಟೆ ಇಟ್ಟುಕೊಳ್ಳಿ. ಯಾರಾದರೂ ಬಿದ್ದಿದ್ದರೆ ನಿಂತು ವಿಚಾರಿಸಿ, ಮುಂದಿನ ಸ್ವಯಂಸೇವಕರಿಗೆ ಸುದ್ದಿ ಮುಟ್ಟಿಸಿ.

ದೇಣಿಗೆ ಕೇಳುವುದು

ಇದು ಬಹಳ ಜನರಿಗೆ ಓಟಕ್ಕಿಂತ ಕಷ್ಟ. 'ಏನಾದ್ರೂ ಕೊಡಿ' ಅಂದರೆ ಯಾರೂ ಕೊಡುವುದಿಲ್ಲ. 'ಕಿಲೋಮೀಟರಿಗೆ ಹತ್ತು ರೂಪಾಯಿ, ಒಟ್ಟು 210' ಅಂತ ಕೇಳಿ ನೋಡಿ. ಹಣ ನಿಮ್ಮ ಖಾತೆಗೆ ಬೇಡ, ಸಂಸ್ಥೆಯ ಖಾತೆಗೇ ಹಾಕಿಸಿ. ಜಾಸ್ತಿ ಕೊಡುವವರಿಗೆ ಒಂದು ಮಾತು ಹೇಳಿ: 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ.

ಓಟ ಮುಗಿದ ವಾರದೊಳಗೆ ಕೊಟ್ಟವರಿಗೆಲ್ಲ ರಸೀದಿ ತಲುಪಿದೆಯಾ ಅಂತ ವಿಚಾರಿಸಿ. ಒಟ್ಟು ಎಷ್ಟು ಸೇರಿತು ಅನ್ನೋದನ್ನು ಹತ್ತು ರೂಪಾಯಿ ಕೊಟ್ಟವರಿಗೂ ತಿಳಿಸಿ.