ಹಳೆಯ ಡ್ರಾವರ್ ಪೆಟ್ಟಿಗೆಯ ವಯಸ್ಸು ತಿಳಿಯುವುದು ಹೇಗೆ

ಮಂಗಳೂರು, ಉಡುಪಿ ಕಡೆಯ ಹಳೆಯ ಮನೆಗಳಲ್ಲಿ ಮೂರು ನಾಲ್ಕು ಸಾಲು ಡ್ರಾವರ್‌ಗಳಿರುವ ಮರದ ಪೆಟ್ಟಿಗೆಯೊಂದು ಮಲಗುವ ಕೋಣೆಯ ಮೂಲೆಯಲ್ಲಿ ಇಂದಿಗೂ ಕಾಣಸಿಗುತ್ತದೆ. ಮನೆ ಕೆಡವುವಾಗಲೋ ಆಸ್ತಿ ಪಾಲಾಗುವಾಗಲೋ ಅದನ್ನು ಇನ್ನೂರು ವರ್ಷದ್ದೆಂದು ಹೇಳಿ ಮಾರುವವರೂ ಇದ್ದಾರೆ, ಗುಜರಿಗೆ ಕೊಟ್ಟುಬಿಡುವವರೂ ಇದ್ದಾರೆ. ಇಬ್ಬರೂ ಸಾಮಾನ್ಯವಾಗಿ ನೋಡುವುದು ಮುಂಭಾಗವನ್ನು ಮಾತ್ರ. ಮುಂಭಾಗದ ಶೈಲಿಯಿಂದ ಆ ಪೆಟ್ಟಿಗೆ ಯಾವ ಕಾಲಕ್ಕಿಂತ ಹಿಂದಿನದಲ್ಲ ಎಂಬುದಷ್ಟೇ ತಿಳಿಯುತ್ತದೆ. ಎಷ್ಟು ಈಚಿನದಿರಬಹುದು ಎಂಬುದನ್ನು ತಿಳಿಯಲು ಡ್ರಾವರ್‌ಗಳನ್ನು ಹೊರಗೆಳೆದು, ಪೆಟ್ಟಿಗೆಯನ್ನು ಗೋಡೆಯಿಂದ ಸರಿಸಿ, ಒಳಮೈಯನ್ನೂ ಬೆನ್ನನ್ನೂ ನೋಡಲೇಬೇಕು.

ಮೊದಲು ಶೈಲಿಗಳ ಪರಿಚಯ ಸ್ವಲ್ಪ ಬೇಕು. ಯುರೋಪಿನಲ್ಲೂ ಆರಂಭದಲ್ಲಿ ಇದ್ದುದು ನಮ್ಮ ತುಳುನಾಡಿನ ಕಲೆಂಬಿಯಂತೆ ಮುಚ್ಚಳ ಎತ್ತಿ ತೆರೆಯುವ ಪೆಟ್ಟಿಗೆಯೇ. ತಳದಲ್ಲಿರುವ ಒಂದು ಬಟ್ಟೆಗಾಗಿ ಮೇಲಿನದೆಲ್ಲವನ್ನೂ ಹೊರತೆಗೆಯಬೇಕಾಗುತ್ತಿದ್ದ ತೊಂದರೆಯನ್ನು ನೀಗಿಸಲು ಅದರ ಅಡಿಯಲ್ಲಿ ಒಂದು ಡ್ರಾವರ್ ಸೇರಿತು; 17ನೆಯ ಶತಮಾನದ ಮಧ್ಯದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಮುಚ್ಚಳವೇ ಇಲ್ಲದ, ಬರೀ ಡ್ರಾವರ್‌ಗಳ ಪೆಟ್ಟಿಗೆ ರೂಢಿಗೆ ಬಂತು. 1689ರಲ್ಲಿ ಪಟ್ಟಕ್ಕೆ ಬಂದ ವಿಲಿಯಂ ಮತ್ತು ಮೇರಿಯರ ಕಾಲದ ಪೆಟ್ಟಿಗೆಗಳಲ್ಲಿ ವಾಲ್ನಟ್ ಮರದ ತೆಳುಹಾಳೆಯ ಹೊದಿಕೆಯೂ ಚೆಂಡಿನಾಕಾರದ ಕಾಲುಗಳೂ ಕಾಣುತ್ತವೆ. 18ನೆಯ ಶತಮಾನದಲ್ಲಿ ಈ ಗುಂಡುಕಾಲುಗಳ ಜಾಗಕ್ಕೆ ಮೂಲೆಯಲ್ಲಿ ಎರಡು ಹಲಗೆ ಕೂಡಿಸಿ ಮಾಡಿದ ಗಿಡ್ಡ ಕಾಲುಗಳು ಬಂದವು. ಅಮೆರಿಕದ ವಸಾಹತುಗಳಿಂದ ಬರುವ ಮರದ ಮೇಲಿನ ಸುಂಕವನ್ನು 1721ರಲ್ಲಿ ತೆಗೆದುಹಾಕಿದ ಮೇಲೆ ಮಹಾಗನಿಯ ಬಳಕೆ ಹೆಚ್ಚಿತು. ಶತಮಾನದ ಕೊನೆಯ ಭಾಗದಲ್ಲಿ ಮುಂಭಾಗ ಬಿಲ್ಲಿನಂತೆ ಹೊರಬಾಗಿರುವ ಮಾದರಿ ಜನಪ್ರಿಯವಾಯಿತು. ವಿಕ್ಟೋರಿಯಾ ರಾಣಿಯ ಕಾಲಕ್ಕೆ, ಅಂದರೆ 1837ರಿಂದ 1901ರವರೆಗೆ, ಪೆಟ್ಟಿಗೆಗಳು ಎತ್ತರವಾಗಿ, ಭಾರವಾಗಿ, ಕಡೆದ ಕಾಲುಗಳನ್ನೂ ಮರದ ಗುಂಡು ಹಿಡಿಗಳನ್ನೂ ಪಡೆದವು.

ಇವೆಲ್ಲವೂ ಆ ಶೈಲಿಗಳು ಹುಟ್ಟಿದ ಕಾಲ. ಲಂಡನ್ನಿನ ಥಾಮಸ್ ಚಿಪ್ಪೆಂಡೇಲ್ 1754ರಲ್ಲಿ ಪೀಠೋಪಕರಣಗಳ ಮಾದರಿ ಚಿತ್ರಗಳನ್ನು ಅಚ್ಚು ಹಾಕಿಸಿದ ಮೇಲೆ, ಆ ಚಿತ್ರಗಳನ್ನು ನೋಡಿ ಎಲ್ಲಿ ಬೇಕಾದರೂ, ಯಾವಾಗ ಬೇಕಾದರೂ ಅಂಥ ಪೆಟ್ಟಿಗೆ ಮಾಡಬಹುದಾಯಿತು. ಆದ್ದರಿಂದ ನಮ್ಮ ಕರಾವಳಿಯಲ್ಲಿ ಚಿಪ್ಪೆಂಡೇಲ್ ಮಾದರಿಯ ಪೆಟ್ಟಿಗೆ ಸಿಕ್ಕಿತೆಂದರೆ ಅದು 18ನೆಯ ಶತಮಾನದ್ದೆಂದು ಭಾವಿಸಲು ಯಾವ ಆಧಾರವೂ ಇಲ್ಲ.

ನಮ್ಮ ಚರಿತ್ರೆಗೆ ಹೆಚ್ಚು ಹತ್ತಿರವಾದವು ಎರಡು ಬಗೆ. ಒಂದು, 17ನೆಯ ಶತಮಾನದಲ್ಲಿ ಪೋರ್ಚುಗೀಸರಿಗಾಗಿ ಗೋವೆಯ ಕಡೆ ತಯಾರಾದ, ತೇಗದ ಮೇಲೆ ಕರಿಮರದ ಕುಂದಣ ಕೂಡಿಸಿದ, ಹತ್ತಾರು ಸಣ್ಣ ಡ್ರಾವರ್‌ಗಳ ಪೆಟ್ಟಿಗೆ. ಇವುಗಳಲ್ಲಿ ಕೆಲವಕ್ಕೆ ಕಾಲಿನ ಜಾಗದಲ್ಲಿ ನಾಗಕನ್ಯೆಯರ ಕೆತ್ತನೆ ಇರುತ್ತದೆ. ನಿಜವಾದವು ಈಗ ಬಹುಪಾಲು ವಸ್ತುಸಂಗ್ರಹಾಲಯಗಳಲ್ಲಿವೆ. ಇನ್ನೊಂದು, ಬ್ರಿಟಿಷ್ ಸೇನಾಧಿಕಾರಿಗಳು ಊರಿಂದೂರಿಗೆ ಒಯ್ಯುತ್ತಿದ್ದ ಪೆಟ್ಟಿಗೆ. 1799ರಲ್ಲಿ ಟಿಪ್ಪುವಿನ ಪತನದ ನಂತರ ಕೆನರಾ ಜಿಲ್ಲೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಇಂಥ ಆಡಳಿತಕ್ಕೆ ಒಳಪಟ್ಟ ಪ್ರದೇಶಗಳಲ್ಲೆಲ್ಲ ಈ ಪೆಟ್ಟಿಗೆಗೆ ಬಳಕೆಯಿತ್ತು. ಇದು ಮೇಲೊಂದು ಕೆಳಗೊಂದು ಎಂದು ಎರಡು ತುಂಡಾಗಿ ಬೇರ್ಪಡುತ್ತದೆ, ಕಾಲುಗಳನ್ನು ತಿರುಗಿಸಿ ಬಿಚ್ಚಬಹುದು, ಮೂಲೆಗಳಿಗೆ ಹಿತ್ತಾಳೆಯ ಪಟ್ಟಿ ಇರುತ್ತದೆ. ಸಾಗಿಸುವಾಗ ಯಾವುದಕ್ಕೂ ತಾಗದಿರಲೆಂದು ಹಿಡಿಗಳನ್ನು ಮರದೊಳಗೆ ಇಳಿಸಿ ಕೂರಿಸಿರುತ್ತಾರೆ. ತೇಗ, ಕರ್ಪೂರದ ಮರ, ಮಹಾಗನಿ ಮೂರರಲ್ಲೂ ಇವು ತಯಾರಾಗಿವೆ. ಹಿತ್ತಾಳೆಯ ಪಟ್ಟಿಯನ್ನು ಮರದಲ್ಲಿ ಜಾಗ ಕೊರೆದು ಮೇಲ್ಮೈಗೆ ಸಮವಾಗಿ ಕೂರಿಸಿದ್ದಾರೆಯೇ, ಇಲ್ಲವೇ ತೆಳು ತಗಡನ್ನು ಮೇಲಿನಿಂದ ಮೊಳೆ ಹೊಡೆದು ಅಂಟಿಸಿದ್ದಾರೆಯೇ ಎಂದು ಬೆರಳಾಡಿಸಿ ನೋಡಿ; ಎರಡನೆಯದಾದರೆ ಅದು ಅನುಕರಣೆಯೆಂದು ಶಂಕಿಸಬೇಕು. ಒಂದು ಅಯಸ್ಕಾಂತವೂ ಜೊತೆಗಿರಲಿ. ಅದು ಹಿಡಿಗೆ ಅಂಟಿಕೊಂಡರೆ ಹಿತ್ತಾಳೆಯ ಲೇಪದ ಕೆಳಗೆ ಕಬ್ಬಿಣವಿದೆ.

ಈಗ ಡ್ರಾವರ್‌ಗಳನ್ನು ಒಂದೊಂದಾಗಿ ಹೊರತೆಗೆದು, ಕ್ರಮ ತಪ್ಪದಂತೆ ನೆಲದ ಮೇಲೆ ಸಾಲಾಗಿ ಇಡಿ. ಹಗಲು ಬೆಳಕಿನ ಜೊತೆಗೆ ಒಂದು ಟಾರ್ಚ್ ಬೇಕು. ಡ್ರಾವರಿನ ಮುಂದಿನ ಹಲಗೆಯೂ ಪಕ್ಕದ ಹಲಗೆಯೂ ಕೂಡುವ ಮೂಲೆಯಲ್ಲಿ ಹಕ್ಕಿಯ ಬಾಲದಂತೆ ಅಗಲವಾಗುತ್ತಾ ಹೋಗುವ ಹಲ್ಲುಗಳಿರುತ್ತವೆ. ಅವು ಕೈಯಲ್ಲಿ ಕೊರೆದವಾದರೆ ಒಂದು ಹಲ್ಲಿನಂತೆ ಇನ್ನೊಂದು ಇರುವುದಿಲ್ಲ, ಗುರುತು ಹಾಕಲು ಆಚಾರಿ ಎಳೆದ ಸಣ್ಣ ಗೀರು ಬುಡದಲ್ಲಿ ಹಾಗೆಯೇ ಉಳಿದಿರುತ್ತದೆ. ಯಂತ್ರದಿಂದ ಕೊರೆದ ಹಲ್ಲುಗಳು ಅಳತೆಯಲ್ಲಿ ಸಮ; ಅವು 19ನೆಯ ಶತಮಾನದ ಕೊನೆಗೆ ಹರಡಿದವು. ಆದರೆ ಕೈಕೆಲಸ ಕಂಡಕೂಡಲೇ ಹಿಗ್ಗಬೇಕಾಗಿಲ್ಲ: ನಮ್ಮ ಆಚಾರಿಗಳು 20ನೆಯ ಶತಮಾನದಲ್ಲೂ ಉಳಿ ಗರಗಸಗಳಿಂದಲೇ ಈ ಕೂಡಿಕೆಯನ್ನು ಮಾಡುತ್ತಿದ್ದರು.

ಡ್ರಾವರನ್ನು ಮಗುಚಿ ತಳ ನೋಡಿ. ಇಂಗ್ಲೆಂಡಿನ ಪೆಟ್ಟಿಗೆಯಾದರೆ, 18ನೆಯ ಶತಮಾನದ ಆರಂಭದವರೆಗೆ ತಳದ ಹಲಗೆಯ ನಾರು ಮುಂದಿನಿಂದ ಹಿಂದಕ್ಕೆ ಓಡುತ್ತದೆ. ಅನಂತರದವುಗಳಲ್ಲಿ ಸಾಮಾನ್ಯವಾಗಿ ಎಡದಿಂದ ಬಲಕ್ಕೆ. ತಳದಲ್ಲಿ ಪ್ಲೈವುಡ್ ಇದ್ದರೆ ಆ ತಳವಂತೂ 20ನೆಯ ಶತಮಾನದ್ದು. ಪಾಲಿಶ್ ಕಾಣದ ಈ ಭಾಗದಲ್ಲಿ ಗರಗಸದ ಗುರುತೂ ಉಳಿದಿರುತ್ತದೆ: ನೇರವಾದ, ಅಂತರ ಏರುಪೇರಾದ ಗೆರೆಗಳು ಕೈಗರಗಸದವು, ಕಮಾನಿನಂತೆ ಬಾಗಿದ ಗೆರೆಗಳು 19ನೆಯ ಶತಮಾನದಲ್ಲಿ ಬಳಕೆಗೆ ಬಂದ ದುಂಡು ಗರಗಸದವು. ಬೀಗದ ಸ್ಕ್ರೂವೊಂದನ್ನು ಮೆಲ್ಲಗೆ ಬಿಚ್ಚಿ ನೋಡಿದರೆ ಇನ್ನೊಂದು ಸಾಕ್ಷಿ ಸಿಗುತ್ತದೆ. 1850ಕ್ಕಿಂತ ಹಿಂದಿನ ಸ್ಕ್ರೂವಿನ ತುದಿ ಮೊಂಡು, ತಲೆಯ ಸೀಳು ಸರಿಯಾಗಿ ನಡುವಿನಲ್ಲಿರುವುದಿಲ್ಲ. ಚೂಪು ತುದಿಯದು ಈಚಿನದು. ಕೂಡಿಸುವ ಚಿಹ್ನೆಯಂತೆ ಸೀಳಿರುವುದು 1930ರ ದಶಕದ ನಂತರದ್ದು. ಒಂದು ಸ್ಕ್ರೂ ಬದಲಾಗಿರಬಹುದು, ಹಾಗಾಗಿ ನಾಲ್ಕಾರು ನೋಡಿಯೇ ತೀರ್ಮಾನಿಸಿ.

ಮರದ ಜಾತಿ ಹುಟ್ಟೂರನ್ನು ಹೇಳುತ್ತದೆ. ಡ್ರಾವರಿನ ಪಕ್ಕ ಮತ್ತು ತಳ ಓಕ್ ಅಥವಾ ಪೈನ್ ಆಗಿದ್ದು, ಅವು ಕಾಲದಿಂದ ಕಂದಾಗಿದ್ದರೆ ಪೆಟ್ಟಿಗೆ ಹಡಗಿನಲ್ಲಿ ಬಂದಿರುವ ಸಾಧ್ಯತೆ ಹೆಚ್ಚು. ಒಳಗೆ ಹಲಸೋ ಹೆಬ್ಬಲಸೋ ಇದ್ದರೆ ಅದು ನಮ್ಮ ಸೀಮೆಯ ಕೆಲಸ. ಹಲಸಿನ ಮರ ಹೊಸತರಲ್ಲಿ ಹಳದಿಯಾಗಿದ್ದು ವರ್ಷಗಳು ಕಳೆದಂತೆ ಗಾಢ ಕಂದಾಗುತ್ತದೆ. ಇಲ್ಲಿಯೇ ಮಾಡಿದ ಪೆಟ್ಟಿಗೆ ಬೆಲೆಯಲ್ಲಿ ಕಡಿಮೆಯೆಂದು ವ್ಯಾಪಾರಿಗಳು ಹೇಳುವುದುಂಟು. ನನ್ನ ದೃಷ್ಟಿಯಲ್ಲಿ ತೇಗದ ಮುಂಭಾಗ, ಹಲಸಿನ ಒಳಮೈ, ಬೀಟೆಯ ಹಿಡಿಗಳಿರುವ ಊರ ಕೆಲಸವೇ ನಮಗೆ ಹೆಚ್ಚು ಬೆಲೆಯುಳ್ಳದ್ದು, ಏಕೆಂದರೆ ಪರದೇಶದ ಮಾದರಿಯನ್ನು ನಮ್ಮ ಆಚಾರಿಗಳು ನಮ್ಮ ಮರಕ್ಕೆ ಹೇಗೆ ಒಗ್ಗಿಸಿಕೊಂಡರು ಎಂಬುದಕ್ಕೆ ಅದು ಸಾಕ್ಷಿ.

ಇಲ್ಲಿ ಹೆಚ್ಚು ಎಚ್ಚರ ಬೇಕಾದ ವಿಷಯವೊಂದಿದೆ. ಕರಾವಳಿಯಲ್ಲಿ ಹಳೆಯ ಮನೆಗಳನ್ನು ಬಿಚ್ಚಿದಾಗ ಸಿಗುವ ತೊಲೆ, ಬಾಗಿಲು, ಮುಚ್ಚಿಗೆಯ ಹಲಗೆಗಳಿಂದ ಹೊಸ ಪೀಠೋಪಕರಣ ಮಾಡುವುದು ನಡೆದೇ ಇದೆ. ಅದು ತಪ್ಪಲ್ಲ, ಮರ ವ್ಯರ್ಥವಾಗದಿರುವುದು ಒಳ್ಳೆಯದೇ. ಆದರೆ ಅದನ್ನು ಹಳೆಯ ಪೆಟ್ಟಿಗೆಯೆಂದು ಮಾರುವುದು ಮೋಸ. ಮರ ನಿಜಕ್ಕೂ ನೂರು ವರ್ಷದ್ದಾಗಿರುವುದರಿಂದ ಬಣ್ಣ, ತೂಕ, ವಾಸನೆ ಎಲ್ಲವೂ ನಂಬಿಸುತ್ತವೆ. ಪತ್ತೆಹಚ್ಚುವುದು ಮೂರು ಗುರುತುಗಳಿಂದ. ಡ್ರಾವರ್ ಪೆಟ್ಟಿಗೆಗೆ ಸಂಬಂಧವೇ ಇಲ್ಲದ ಜಾಗದಲ್ಲಿ ಮುಚ್ಚಿದ ಮೊಳೆತೂತು, ಕೊರೆದು ತುಂಬಿಸಿದ ಚೌಕ ಗುಂಡಿ ಕಾಣುತ್ತದೆ. ಕುಟ್ಟೆ ಹುಳು ಮರದ ಮೇಲ್ಮೈಯಲ್ಲಿ ಬಿಡುವುದು ದುಂಡು ರಂಧ್ರವನ್ನು ಮಾತ್ರ. ಅದರ ಸುರಂಗ ಕಾಲುವೆಯಂತೆ ಉದ್ದಕ್ಕೂ ತೆರೆದು ಕಂಡರೆ, ಹುಳು ತಿಂದ ಮೇಲೆ ಆ ಹಲಗೆಯನ್ನು ಕೊಯ್ದಿದ್ದಾರೆಂದು ಅರ್ಥ. ಮೂರನೆಯದು ಸವೆತ. ವರ್ಷಗಟ್ಟಲೆ ಎಳೆದು ತಳ್ಳಿದ ಡ್ರಾವರಿನ ಪಕ್ಕದ ಕೆಳಅಂಚು ಹಿಂಬದಿಗೆ ಹೋದಂತೆ ತೆಳುವಾಗಿರುತ್ತದೆ, ಅದು ಜಾರುವ ಒಳಗಿನ ಪಟ್ಟಿಯಲ್ಲೂ ಅದಕ್ಕೆ ಹೊಂದುವ ಕುಳಿ ಬಿದ್ದಿರುತ್ತದೆ. ಈ ಎರಡು ಸವೆತಗಳು ಒಂದಕ್ಕೊಂದು ಹೊಂದದಿದ್ದರೆ ಕಾರಣ ಕೇಳಿ. ಡ್ರಾವರಿನ ಮುಂದಿನ ಹಲಗೆಯ ಒಳಬದಿಯಲ್ಲಿ ಹೆಚ್ಚುವರಿ ತೂತುಗಳಿದ್ದರೆ ಹಿಡಿಗಳು ಬದಲಾಗಿವೆ ಎಂದಷ್ಟೇ ತಿಳಿಯಬೇಕು. ಇದು ಸಾಮಾನ್ಯ, ದೊಡ್ಡ ದೋಷವಲ್ಲ.

ಮನೆಗೆ ತಂದ ಮೇಲೆ ಹಳೆಯ ಪಾಲಿಶನ್ನು ಕೆರೆಸಿ ಹೊಸತು ಹಚ್ಚಿಸುವ ಆಸೆಗೆ ಬೀಳದಿರಿ. 19ನೆಯ ಶತಮಾನದಿಂದ ಬಳಕೆಗೆ ಬಂದ ಫ್ರೆಂಚ್ ಪಾಲಿಶ್ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಪದರ ಪದರವಾಗಿ ಹಚ್ಚಿದ್ದು. ಯಂತ್ರದಿಂದ ಉಜ್ಜಿದರೆ ಅದರೊಡನೆ ಮರದ ಬಣ್ಣವೂ ವಯಸ್ಸಿನ ಗುರುತುಗಳೂ ಹೊರಟುಹೋಗುತ್ತವೆ. ಒಣಬಟ್ಟೆಯಿಂದ ಒರೆಸಿ, ವರ್ಷಕ್ಕೊಮ್ಮೆ ಜೇನುಮೇಣವನ್ನು ತೆಳುವಾಗಿ ಹಚ್ಚಿದರೆ ಸಾಕು. ಮಳೆಗಾಲದ ತೇವದಲ್ಲಿ ಮರ ಅಗಲಕ್ಕೆ ಉಬ್ಬುವುದರಿಂದ ಆಟಿ ತಿಂಗಳಲ್ಲಿ ಡ್ರಾವರ್ ಬಿಗಿಯಾಗುವುದು ಸಹಜ. ಆಗ ಕೀಸುಳಿ ಹಾಕಿಸಿದರೆ ಬೇಸಿಗೆಯಲ್ಲಿ ಅದು ಸಡಿಲವಾಗಿ ಅಲ್ಲಾಡುತ್ತದೆ; ಜಾರುಪಟ್ಟಿಗೆ ಮೇಣದ ಬತ್ತಿ ಉಜ್ಜಿ ಮಳೆ ಕಳೆಯುವವರೆಗೆ ಕಾಯಿರಿ. ಗೋಡೆಯಿಂದ ನಾಲ್ಕು ಬೆರಳು ಅಂತರವಿಟ್ಟು, ಕಾಲುಗಳ ಕೆಳಗೆ ಒಂದೊಂದು ಹಲಗೆ ತುಂಡು ಕೊಟ್ಟರೆ ನೆಲದ ಶೀತ ಏರುವುದಿಲ್ಲ, ಗೆದ್ದಲು ಬಂದರೂ ಬೇಗ ಕಣ್ಣಿಗೆ ಬೀಳುತ್ತದೆ. ಕೆಳಗೆ ಹಿಟ್ಟಿನಂಥ ಹೊಸ ಪುಡಿ ಬಿದ್ದಿದ್ದರೆ ಕುಟ್ಟೆ ಇನ್ನೂ ಜೀವಂತವಾಗಿದೆ. ಆ ಪೆಟ್ಟಿಗೆಯನ್ನು ಉಳಿದ ಮರದ ಸಾಮಾನಿನಿಂದ ದೂರವಿಟ್ಟು ತಿಳಿದವರಿಂದ ಔಷಧ ಹಾಕಿಸಬೇಕು.

ವಿದೇಶದಲ್ಲಿ ನೆಲೆಸಿದ ಮಕ್ಕಳು ಅಜ್ಜಿಯ ಪೆಟ್ಟಿಗೆಯನ್ನು ಕಳುಹಿಸಿಕೊಡಿ ಎಂದು ಕೇಳುವುದು ನಮ್ಮ ಜಿಲ್ಲೆಗಳಲ್ಲಿ ಹೊಸತಲ್ಲ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಕನಿಷ್ಠ 100 ವರ್ಷ ಹಳೆಯದಾದ ಇಂಥ ಕುಶಲಕೆಲಸದ ವಸ್ತು ಪ್ರಾಚ್ಯವಸ್ತುವೆನಿಸಬಹುದು, ಅದನ್ನು ಖಾಸಗಿ ವ್ಯಕ್ತಿಗಳು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಪೆಟ್ಟಿಗೆ ಅಷ್ಟು ಹಳೆಯದಲ್ಲವೆಂದು ನಿಮ್ಮ ಪರೀಕ್ಷೆಯಲ್ಲಿ ಕಂಡರೂ, ಪ್ಯಾಕಿಂಗ್ ಮಾಡಿಸುವ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಅದು ಪ್ರಾಚ್ಯವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆಯಿರಿ. ಬೀಟೆಯ ಭಾಗಗಳಿದ್ದರೆ, 2017ರಿಂದ ಆ ಜಾತಿಯ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿರುವುದರಿಂದ, ಅದರ ಅನುಮತಿಯ ಬಗೆಗೂ ಅದೇ ಹೊತ್ತಿಗೆ ವಿಚಾರಿಸಿ.