ಬಾಗಿಲಿಗೆ ಅಡ್ಡ ಇಟ್ಟ ಹಳೆ ಚಪ್ಪಲಿ

ನಮ್ಮ ಬೆಡ್‌ರೂಮು ಹತ್ತಡಿ ಅಗಲ, ಹನ್ನೆರಡು ಅಡಿ ಉದ್ದ. ಮಲಗುವವರು ಮೂವರು: ನಾನು, ಹೆಂಡತಿ, ಏಳು ವರ್ಷದ ಮಗ. ಬೆಂಗಳೂರಿನ ಸೊಳ್ಳೆಗೆ ಹೆದರಿ ಸಂಜೆ ಐದೂವರೆಗೇ ಕಿಟಕಿ ಹಾಕಿಬಿಡುತ್ತಿದ್ದೆವು. ಬೆಳಿಗ್ಗೆ ತಲೆ ಭಾರ. ನಿದ್ದೆ ಸಾಲಲಿಲ್ಲ ಅಂದುಕೊಂಡು ಸುಮ್ನಿದ್ದೆ. ಒಂದು ದಿನ ಹಾಲು ತಂದು ಮತ್ತೆ ರೂಮಿಗೆ ಹೋದಾಗ ಒಳಗಿನ ಗಾಳಿ ಮುಖಕ್ಕೆ ಹೊಡೆಯಿತು. ಒಳಗೆ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಅಂತ ಅಳೆದೇ ನೋಡೋಣ ಅನ್ನಿಸಿತು.

ಮೊದಲು ತಂದದ್ದು ಒಂದೂವರೆ ಸಾವಿರದ ಪುಟ್ಟ ಡಬ್ಬಿ. ಇಂಗಿನ ಒಗ್ಗರಣೆ ಹಾಕಿದರೆ 3000 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅಷ್ಟು ಭಾಗ) ತೋರಿಸುತ್ತಿತ್ತು. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡರೆ 5000. ರಾತ್ರಿ ಮೂವರೂ ಮಲಗಿದಾಗ ಮಾತ್ರ ಆರಾಮಾಗಿ 600! ಆಮೇಲೆ ಗೊತ್ತಾಯಿತು, ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ಸೆನ್ಸರೇ ಇರಲಿಲ್ಲ. ಗಾಳಿಯಲ್ಲಿನ ಆಲ್ಕೋಹಾಲ್, ಅಡುಗೆ ಆವಿ ಇಂಥವನ್ನು ಹಿಡಿದು, ಅಂದಾಜಿನ ಮೇಲೆ ಒಂದು ಸಂಖ್ಯೆ ಕೊಡುತ್ತದೆ. 'ಇಸಿಒ2' ಅಂತ ಬರೆದಿದ್ದರೆ ಅದು ಈ ಅಂದಾಜಿನ ಲೆಕ್ಕ. ಕೊಳ್ಳುವವರು 'ಎನ್‌ಡಿಐಆರ್' ಅಥವಾ 'ಫೋಟೋಅಕೌಸ್ಟಿಕ್' ಅಂತ ಇದೆಯಾ ನೋಡಿಕೊಳ್ಳಿ. ಕಾರ್ಬನ್ ಡೈಆಕ್ಸೈಡ್ ಇನ್‌ಫ್ರಾರೆಡ್ ಬೆಳಕನ್ನು ಹೀರುತ್ತದೆ. ಆ ಎರಡೂ ಬಗೆಯವು ಅದನ್ನೇ ಹಿಡಿದು ಅಳೆಯುತ್ತವೆ.

ನಾನು ಫೋಟೋಅಕೌಸ್ಟಿಕ್ ಬಗೆಯ ಎಸ್‌ಸಿಡಿ41 ಸೆನ್ಸರ್ ಇರುವ ಬೋರ್ಡ್ ತರಿಸಿ, ಮನೆಯಲ್ಲೇ ಬಿದ್ದಿದ್ದ ಇಎಸ್‌ಪಿ32 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ನಾಲ್ಕು ವೈರ್ ಜೋಡಿಸಿದೆ. ಮಗ ಹತ್ತಿರ ಬಂದು ಉಫ್ ಅಂತ ಊದಿದ. ಸಂಖ್ಯೆ ಜಿಗಿದು ಮೇಲೆ ಹೋಯಿತು. ನಾವು ಬಿಡುವ ಉಸಿರಿನಲ್ಲಿ ಸುಮಾರು ಶೇಕಡಾ 4ರಷ್ಟು ಅದೇ ಅನಿಲ, ಅಂದರೆ 40,000 ಪಿಪಿಎಂ. ಅದಕ್ಕೇ ಡಬ್ಬಿಯನ್ನು ತಲೆದಿಂಬಿನ ಪಕ್ಕ ಇಡಬೇಡಿ. ನಾನು ಬೀರುವಿನ ಪಕ್ಕದ ಸ್ಟೂಲ್ ಮೇಲೆ ಇಟ್ಟೆ.

ಮೊದಲ ರಾತ್ರಿ ಹತ್ತೂವರೆಗೆ 640 ಇತ್ತು. ಎರಡೂವರೆಗೆ 2180, ಐದಕ್ಕೆ 2450. ಹೊರಗಿನ ಗಾಳಿಯಲ್ಲಿ ಇರುವುದು ಸುಮಾರು 425. ಜರ್ಮನಿಯ ಆರೋಗ್ಯ ವಿಜ್ಞಾನಿ ಪೆಟೆನ್‌ಕೋಫರ್ 1858ರಲ್ಲೇ, ಕೋಣೆಯಲ್ಲಿ ಇದು 1000 ದಾಟಬಾರದು ಅಂದಿದ್ದರು. ಹಾಗಂತ 2450 ವಿಷವೇನಲ್ಲ. ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದೇವೆ, ಹೊಸ ಗಾಳಿ ಬರುತ್ತಿಲ್ಲ ಅಂತ ಅರ್ಥ. ಒಬ್ಬರಿಗೆ ನೆಗಡಿಯಾದರೆ ಮನೆಗೆಲ್ಲ ಯಾಕೆ ಹಬ್ಬುತ್ತೆ ಅನ್ನೋದಕ್ಕೂ ಇಲ್ಲಿ ಉತ್ತರ ಸಿಕ್ಕಿತು.

ಎಸಿ ಹಾಕಿದರೆ ಸರಿಹೋಗುತ್ತೆ ಅಂದಳು ಹೆಂಡತಿ. ಹಾಕಿ ನೋಡಿದೆವು, 2500. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ಸುತ್ತಿಸುತ್ತದೆ ಅಷ್ಟೇ. ಫ್ಯಾನ್ ಕಥೆಯೂ ಅದೇ. ಮೂರನೇ ರಾತ್ರಿ ರೂಮಿನ ಬಾಗಿಲು ಮುಚ್ಚದಂತೆ ಹಳೆ ಚಪ್ಪಲಿ ಅಡ್ಡ ಇಟ್ಟೆ. ಬೆಳಿಗ್ಗೆ 1250! ಒಂದು ಚಪ್ಪಲಿಯ ಕೆಲಸ. ಆಮೇಲೆ ಕಿಟಕಿಗೆ ಮೆಶ್ ಹಾಕಿಸಿ ನಾಲ್ಕು ಬೆರಳು ತೆರೆದಿಟ್ಟೆವು. 800ರ ಆಸುಪಾಸಿನಲ್ಲಿ ನಿಂತಿತು. ತಲೆಭಾರ ಕಮ್ಮಿಯಾಗಿದೆ. ಸಂಖ್ಯೆ ನೋಡಿದ ಸಮಾಧಾನಕ್ಕೆ ಹಾಗನ್ನಿಸುತ್ತೋ ಏನೋ, ಆಣೆ ಮಾಡಿ ಹೇಳಲಾರೆ.

ದೀಪಾವಳಿಗೆ ಊರಿಗೆ ಹೋಗುವಾಗ ಡಬ್ಬಿಯೂ ಬ್ಯಾಗಿನಲ್ಲಿತ್ತು. ಅದು ಹಂಚಿನ ಮನೆ. ಕಿಟಕಿ ಬಾಗಿಲು ಹಾಕಿ ನಾಲ್ವರು ಮಲಗಿದರೂ 700 ದಾಟಲಿಲ್ಲ. "ಹಂಚಿನ ಸಂದೀಲಿ ಬೆಳದಿಂಗಳೇ ಬರುತ್ತೆ, ಗಾಳಿ ಬರಲ್ವೇನೋ?" ಅಂದರು ಅಮ್ಮ.

ಇನ್ನೊಂದು ಮಾತು. ಇದು ಕಾರ್ಬನ್ ಮೊನಾಕ್ಸೈಡ್ ಹಿಡಿಯುವುದಿಲ್ಲ. ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಇರುವವರು ಈ ಡಬ್ಬಿ ನಂಬಿ ಕೂರಬೇಡಿ. ಪ್ರಾಣ ತೆಗೆಯುವುದು ಆ ಮೊನಾಕ್ಸೈಡ್. ಅದರ ಅಲಾರಂ ಬೇರೆಯೇ ಬರುತ್ತದೆ.

ನಾನು ಮೋಸಹೋದದ್ದು ಮಳೆಗಾಲದಲ್ಲಿ. ಎರಡು ವಾರ ಜಡಿಮಳೆ, ಹಗಲೂ ಕಿಟಕಿ ಮುಚ್ಚಿತ್ತು. ಸಂಖ್ಯೆ ಮಾತ್ರ ದಿನೇದಿನೇ ಚೆನ್ನಾಗಿ ಕಾಣತೊಡಗಿತು. ಅನುಮಾನ ಬಂದು ಬಾಲ್ಕನಿಯಲ್ಲಿಟ್ಟರೆ 310! 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳೆಯಲು ಶುರುಮಾಡಿದಾಗಲೇ ಹೊರಗಿನ ಗಾಳಿಯಲ್ಲಿ ಸುಮಾರು 315 ಇತ್ತು, ಈಗ ಅದಕ್ಕಿಂತ ಕಮ್ಮಿ ಇರಲು ಸಾಧ್ಯವೇ ಇಲ್ಲ. ಆಗಿದ್ದಿಷ್ಟು: ಈ ಸೆನ್ಸರ್ ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತದೆ. ವಾರಕ್ಕೊಮ್ಮೆಯಾದರೂ ಹೊರಗಿನಂಥ ಗಾಳಿ ಸಿಗುತ್ತೆ ಅಂತ ನಂಬಿ, ಕಂಡ ಅತಿ ಕಮ್ಮಿ ಮಟ್ಟವನ್ನೇ 400 ಅಂದುಕೊಳ್ಳುತ್ತದೆ. ಮುಚ್ಚಿದ ಮನೆಯ 500 ಚಿಲ್ಲರೆಯನ್ನೇ ಅದು 400 ಅಂತ ಹಿಡಿದಿತ್ತು. ಆ ಆಟೋ ಸೆಟ್ಟಿಂಗ್ ತೆಗೆದುಹಾಕಿದೆ. ಈಗ ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಇಟ್ಟು, ನಾನು ಒಳಗೆ ಬಂದು ಕಾಫಿ ಕುಡಿದು, 425ರ ಹತ್ತಿರ ಇಲ್ಲದಿದ್ದರೆ ಕೈಯಾರೆ ಸರಿಮಾಡುತ್ತೇನೆ.