ಪೆನ್‌ಡ್ರೈವ್‌ನ ಜಾಗ ಕಾಣೆಯಾಗಿದೆಯೇ? ಡಿಸ್ಕ್‌ಪಾರ್ಟ್ ಬಳಸಿ

ಲಿನಕ್ಸ್ ಹಾಕಲೆಂದು ಬೂಟಬಲ್ (ಕಂಪ್ಯೂಟರನ್ನು ಅದರಿಂದಲೇ ಚಾಲೂ ಮಾಡುವಂತೆ) ಮಾಡಿದ 32 ಜಿಬಿ ಪೆನ್‌ಡ್ರೈವನ್ನು ಮತ್ತೆ ವಿಂಡೋಸ್‌ಗೆ ಸಿಕ್ಕಿಸಿದರೆ ಎಷ್ಟೋ ಸಲ ಕೆಲವೇ ಎಂಬಿ ಜಾಗ ಕಾಣುತ್ತದೆ. ರೈಟ್ ಕ್ಲಿಕ್ ಮಾಡಿ ಫಾರ್ಮ್ಯಾಟ್ ಕೊಟ್ಟರೂ ಆ ಚಿಕ್ಕ ಭಾಗವಷ್ಟೇ ಫಾರ್ಮ್ಯಾಟ್ ಆಗುತ್ತದೆ. ಹಳೆಯ ಪಾರ್ಟಿಷನ್ ಪಟ್ಟಿಯನ್ನೇ (ಡ್ರೈವಿನ ಜಾಗ ಯಾವ ಯಾವ ಭಾಗಗಳಾಗಿ ಹಂಚಿದೆ ಎಂಬ ದಾಖಲೆ) ಅಳಿಸಬೇಕು. ಅದಕ್ಕೆ ವಿಂಡೋಸ್‌ನಲ್ಲೇ ಇರುವ ಡಿಸ್ಕ್‌ಪಾರ್ಟ್ ಎಂಬ ಟೂಲ್ ಸಾಕು.

ಬೇಕಾದ ಫೈಲ್‌ಗಳನ್ನು ಬೇರೆಡೆ ಕಾಪಿ ಮಾಡಿಕೊಳ್ಳಿ. ಬೇರೆ ಯುಎಸ್‌ಬಿ ಡ್ರೈವ್, ಮೆಮರಿ ಕಾರ್ಡ್ ಇದ್ದರೆ ತೆಗೆದುಬಿಡಿ. ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ರೈಟ್ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಒತ್ತಿ. ‘ಡಿಸ್ಕ್‌ಪಾರ್ಟ್’ ಎಂದು ಟೈಪಿಸಿ ಎಂಟರ್ ಕೊಡಿ. (ಇಲ್ಲಿನ ಕಮಾಂಡ್‌ಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪಿಸಬೇಕು.)

ಈಗ ‘ಲಿಸ್ಟ್ ಡಿಸ್ಕ್’. ಅವಸರ ಮಾಡಬಾರದ ಹಂತ ಇದೊಂದೇ. ನಂಬರ್ ನಂಬಬೇಡಿ, ಡ್ರೈವ್ ಬಿಚ್ಚಿ ಸಿಕ್ಕಿಸಿದಾಗ ಅದು ಬದಲಾಗಬಹುದು. ಸೈಜ್ ನೋಡಿ. ಕಂಪನಿಯವರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ 32 ಜಿಬಿ ಡ್ರೈವ್ 28–29 ಎಂದೂ 1 ಟಿಬಿ ಹಾರ್ಡ್‌ಡಿಸ್ಕ್ 931 ಜಿಬಿ ಎಂದೂ ಕಾಣುತ್ತದೆ. ನಿಮ್ಮದು 1 ಎಂದಿದ್ದರೆ ‘ಸೆಲೆಕ್ಟ್ ಡಿಸ್ಕ್ 1’ ಕೊಟ್ಟು, ‘ಡೀಟೇಲ್ ಡಿಸ್ಕ್’ ಎಂದು ಕೇಳಿ. ಡ್ರೈವಿನ ಹೆಸರು ಹೊಂದಬೇಕು, ಟೈಪ್ ಎದುರು ಯುಎಸ್‌ಬಿ ಎಂದಿರಬೇಕು.

ಇಷ್ಟು ಖಾತ್ರಿಯಾದ ಮೇಲೆ ‘ಕ್ಲೀನ್’. ‘ಖಂಡಿತವೇ?’ ಎಂದು ಅದು ಕೇಳುವುದಿಲ್ಲ, ಎಂಟರ್ ಒತ್ತಿದರೆ ಮುಗಿಯಿತು. ವಿಂಡೋಸ್ ಓಡುತ್ತಿರುವ ಡಿಸ್ಕನ್ನು ಅಳಿಸಲು ಒಪ್ಪುವುದಿಲ್ಲ ನಿಜ. ಫೋಟೊ ತುಂಬಿದ ಎರಡನೇ ಹಾರ್ಡ್‌ಡಿಸ್ಕಿಗೆ ಆ ರಕ್ಷಣೆಯಿಲ್ಲ. ‘ಕ್ಲೀನ್ ಆಲ್’ ಬೇರೆಯೇ: ಡಿಸ್ಕಿನ ಪ್ರತಿ ಸೆಕ್ಟರಿಗೂ (ಪುಟ್ಟ ತುಣುಕಿಗೂ) ಸೊನ್ನೆ ಬರೆಯುತ್ತದೆ, ದೊಡ್ಡ ಡಿಸ್ಕಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಹಳೆಯ ಹಾರ್ಡ್‌ಡಿಸ್ಕ್ ಮಾರುವವರಿಗಷ್ಟೇ ಅದು ಬೇಕು.

‘ಆ್ಯಕ್ಸೆಸ್ ಈಸ್ ಡಿನೈಡ್’ ಎಂದರೆ ಆ ಡ್ರೈವ್ ಎಲ್ಲೋ ತೆರೆದಿದೆ. ಎಕ್ಸ್‌ಪ್ಲೋರರ್ ಕಿಟಕಿಗಳನ್ನು ಮುಚ್ಚಿ ಮತ್ತೆ ‘ಕ್ಲೀನ್’ ಕೊಡಿ. ‘ರೈಟ್ ಪ್ರೊಟೆಕ್ಟೆಡ್’ ಎಂದರೆ ಎಸ್‌ಡಿ ಕಾರ್ಡಿನ ಪಕ್ಕದ ಪುಟ್ಟ ಸ್ವಿಚ್ ನೋಡಿ, ಅದು ಸರಿಯಿದ್ದರೆ ‘ಆ್ಯಟ್ರಿಬ್ಯೂಟ್ಸ್ ಡಿಸ್ಕ್ ಕ್ಲಿಯರ್ ರೀಡ್‌ಓನ್ಲಿ’ (attributes disk clear readonly) ಪ್ರಯತ್ನಿಸಿ. ಅದಕ್ಕೂ ಬಗ್ಗದಿದ್ದರೆ ಚಿಪ್ಪೇ ಸವೆದಿರುವ ಸಾಧ್ಯತೆ ಹೆಚ್ಚು, ಹೊಸದು ತನ್ನಿ.

2 ಟಿಬಿಗಿಂತ ದೊಡ್ಡ ಹಾರ್ಡ್‌ಡಿಸ್ಕ್ ಆದರೆ ಈಗ ‘ಕನ್ವರ್ಟ್ ಜಿಪಿಟಿ’ (ಜಿಪಿಟಿ ಎಂದರೆ ಹೊಸ ಬಗೆಯ ಪಾರ್ಟಿಷನ್ ಪಟ್ಟಿ) ಕೊಡಬೇಕು, ಇಲ್ಲದಿದ್ದರೆ ಅದರಾಚೆಯ ಜಾಗ ಸಿಗದು. ಪೆನ್‌ಡ್ರೈವಿಗೆ ಅದು ಬೇಡ. ನೇರ ‘ಕ್ರಿಯೇಟ್ ಪಾರ್ಟಿಷನ್ ಪ್ರೈಮರಿ’. 10 ಜಿಬಿಯಷ್ಟೇ ಸಾಕೆಂದರೆ ಕೊನೆಗೆ ‘ಸೈಜ್=10240’ ಸೇರಿಸಿ; ಲೆಕ್ಕ ಎಂಬಿಯಲ್ಲಿ.

ನಂತರ ‘ಫಾರ್ಮ್ಯಾಟ್ ಎಫ್‌ಎಸ್=ಎಕ್ಸ್‌ಫ್ಯಾಟ್ ಕ್ವಿಕ್’ (format fs=exfat quick). ಎಕ್ಸ್‌ಫ್ಯಾಟ್ ಎಂದರೆ ಫೈಲ್‌ಗಳನ್ನು ಜೋಡಿಸಿಡುವ ಒಂದು ವಿಧಾನ. ಕಾರ್ ಸ್ಟೀರಿಯೊ, ಹಳೆಯ ಟಿವಿಗಾದರೆ ‘ಫ್ಯಾಟ್32’; ಆದರೆ ಅದರಲ್ಲಿ 4 ಜಿಬಿ ಮೀರಿದ ಫೈಲ್ ಹಿಡಿಸದು, ವಿಂಡೋಸ್ 10ರಲ್ಲಿ 32 ಜಿಬಿಗಿಂತ ದೊಡ್ಡ ಪಾರ್ಟಿಷನ್‌ಗೆ ಅದು ಒಪ್ಪುವುದೂ ಇಲ್ಲ. ‘ಕ್ವಿಕ್’ ಬಿಟ್ಟರೆ ಇಡೀ ಡ್ರೈವನ್ನು ತಡಕಾಡುತ್ತ ಕೂರುತ್ತದೆ. ಕೊನೆಗೆ ಡ್ರೈವಿಗೆ ಅಕ್ಷರ ಕೊಡಲು ‘ಅಸೈನ್’, ಹೊರಬರಲು ‘ಎಕ್ಸಿಟ್’.

ತಪ್ಪು ಡಿಸ್ಕಿಗೆ ‘ಕ್ಲೀನ್’ ಕೊಟ್ಟಿದ್ದು ಗೊತ್ತಾದರೆ ಅಲ್ಲೇ ನಿಲ್ಲಿಸಿ. ಅದರ ಮೇಲೆ ಏನನ್ನೂ ಬರೆಯಬೇಡಿ, ಫಾರ್ಮ್ಯಾಟ್ ಅಂತೂ ಬೇಡವೇ ಬೇಡ. ಹೋಗಿರುವುದು ಪಾರ್ಟಿಷನ್ ಪಟ್ಟಿ. ಹಾರ್ಡ್‌ಡಿಸ್ಕ್ ಆಗಿದ್ದರೆ ಟೆಸ್ಟ್‌ಡಿಸ್ಕ್ ಎಂಬ ಉಚಿತ ಸಾಫ್ಟ್‌ವೇರ್ ಅದನ್ನು ಹುಡುಕಿ ಮರಳಿ ಬರೆಯಬಲ್ಲದು.